ಮದನಪಲ್ಲಿಗೆ ತೆಲುಗಲ್ಲೇ ಹೇಳಬೇಕು

ನಮ್ಮ ಸೋದರಮಾವ ಮನುಷ್ಯರ ಜೊತೆ ಮಾತಾಡುವುದು ಕೇವಲ ಅಭ್ಯಾಸ ತಪ್ಪಬಾರದೆಂದು. ಅವರ ಅಸಲು ಮಾತುಕತೆಯೆಲ್ಲ ಹಸುಗಳ ಜೊತೆ. ಹಂಗಿಸಲು ಹೇಳುತ್ತಿಲ್ಲ, ಅವರೇ ಒಪ್ಪಿಕೊಂಡಿರುವ ಸಂಗತಿ ಇದು. "ಮನುಷ್ಯರ ಜೊತೆ ಮಾತಾಡಿದ್ರೆ ಏನಪ್ಪಾ ಸಿಗುತ್ತೆ? ಎದುರುಮಾತು ಸಿಗುತ್ತೆ. ಹಸು ಜೊತೆ ಮಾತಾಡಿದ್ರೆ ಹಾಲು ಸಿಗುತ್ತೆ" ಎನ್ನುವುದು ಅವರ ವಾದ. ಈ ವಾದದಲ್ಲಿ ಹುಳುಕಿದೆಯೇ? ಇರಬಹುದು. ಆದರೆ ಅದನ್ನು ತೋರಿಸಲು ಅವರು ನಮಗೊಂದು ಸಂದು ಕೊಡಬೇಕಲ್ಲ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಸಿಗುವ ಹಳ್ಳಿಯಲ್ಲಿ ಮಾವನಿಗೆ ಎರಡೆಕರೆ ಜಮೀನು, ಒಂದು ಮನೆ, ಶೀಟು ಹೊದೆಸಿದ ಕೊಟ್ಟಿಗೆ, ಅದರಲ್ಲಿ ಮೂರು ಸೀಮೆಹಸು. ಹಸುಗಳಿಗೆ ದೇವತೆಗಳ ಹೆಸರಿಡುವುದು ಅವರಿಗೆ ಹಿಡಿಸದು. "ಬೆಳಿಗ್ಗೆ ಕೈಮುಗಿದ ಹೆಸರನ್ನೇ ಸಾಯಂಕಾಲ ಹಿಡಿದು ಬೈಯೋಕಾಗುತ್ತಾ?" ಎಂದು ಕೇಳುತ್ತಾರೆ. ಆದ್ದರಿಂದ ಯಾವ ಊರಿನಿಂದ ಹೊಡೆದುಕೊಂಡು ಬಂದರೋ ಆ ಊರಿನ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ: ಪೆರೇಸಂದ್ರ, ಚಿಂತಾಮಣಿ, ಮದನಪಲ್ಲಿ. ಬಸ್ಸಿನಲ್ಲಿ ಪಕ್ಕ ಕೂತವರು ಮಾವ ಫೋನಿನಲ್ಲಿ ಮಾತಾಡುವುದನ್ನು ಕೇಳಿ ಗಾಬರಿಯಾದದ್ದುಂಟು. "ಪೆರೇಸಂದ್ರ ಬೆಳಿಗ್ಗೆಯಿಂದ ಎದ್ದೇ ಇಲ್ಲ ಕಣೇ, ಚಿಂತಾಮಣಿಗೆ ಭೇದಿ ನಿಂತಿಲ್ಲ" ಎಂದರೆ ಯಾರಿಗೆ ತಾನೇ ಆತಂಕವಾಗದು? ಒಂದು ಸಲ ಒಬ್ಬ ಹೆಂಗಸು, ತಂಗಿಯನ್ನು ಚಿಂತಾಮಣಿಗೆ ಕೊಟ್ಟಿದ್ದವಳು, ಕೂತಲ್ಲಿಂದಲೇ ತಂಗಿಗೆ ಫೋನು ಮಾಡಿ ನೀರು ಕಾಯಿಸಿ ಕುಡಿಯುವಂತೆ ಹೇಳಿದಳು.

ಹೆಸರಿನ ಜೊತೆಗೆ ಭಾಷೆಯೂ ಗೊತ್ತುಮಾಡಿದೆ. ಪೆರೇಸಂದ್ರಕ್ಕೆ ಕನ್ನಡ ಸಾಕು. ಚಿಂತಾಮಣಿಗೆ ಕನ್ನಡ, ತೆಲುಗು ಎರಡೂ ಬರುತ್ತವೆ, ಆ ಊರಿನ ಜನಕ್ಕೆ ಬರುವ ಹಾಗೆಯೇ. ಮದನಪಲ್ಲಿ ಮಾತ್ರ ಆಂಧ್ರದಿಂದ ಬಂದವಳು. ಅವಳಿಗೆ ತೆಲುಗೇ ಆಗಬೇಕು. ಕನ್ನಡದಲ್ಲಿ ಮಾತಾಡಿಸಿದರೆ ಅವಳು ಹಾಲನ್ನು ಮೇಲೇ ಹಿಡಿದುಕೊಳ್ಳುತ್ತಾಳೆ, ಕೆಚ್ಚಲಿಗೆ ಇಳಿಸುವುದಿಲ್ಲ. ಇದು ಮಾವನ ನಂಬಿಕೆಯೋ ಹಸುವಿನ ನಂಬಿಕೆಯೋ ಎಂದು ನಾನು ಬಹಳ ದಿನ ಯೋಚಿಸಿದ್ದೆ. ಅವಳು ಬಂದ ಈ ನಾಲ್ಕು ವರ್ಷದಲ್ಲಿ ಇಬ್ಬರೂ ಒಮ್ಮತಕ್ಕೆ ಬಂದಿದ್ದರಿಂದ ಈಗ ಬಿಡಿಸಿ ನೋಡುವುದು ಕಷ್ಟ.

ಹಾಲು ಹಿಂಡುವ ಕ್ರಮವನ್ನು ಇಲ್ಲಿ ವಿವರಿಸಬೇಕು. ಅತ್ತೆ, ಅಂದರೆ ಮಾವನ ಹೆಂಡತಿ, ಕೆಳಗೆ ಕುಕ್ಕರಗಾಲಲ್ಲಿ ಕೂತು ಹಿಂಡುತ್ತಾರೆ. ಮಾವ ಹಸುವಿನ ಕುತ್ತಿಗೆಯ ಪಕ್ಕ ನಿಂತು ಮಾತಾಡುತ್ತಾರೆ. ಮೊದಲು ಕುಶಲಪ್ರಶ್ನೆ: "ಏಮಮ್ಮಾ, ರಾತ್ರಿ ನಿದ್ರ ಪಟ್ಟಿಂದಾ?" ನಿದ್ದೆ ಬಂತೇ ಎಂದು ಕೇಳಿ, ಉತ್ತರಕ್ಕೆ ಸಾಕಷ್ಟು ಸಮಯ ಕೊಟ್ಟು, ಆಮೇಲೆ ಊರಿನ ವರ್ತಮಾನ. ಯಾರ ಬೋರ್‌ವೆಲ್ಲಿನಲ್ಲಿ ಮೋಟರು ಸಿಕ್ಕಿಹಾಕಿಕೊಂಡಿತು, ಯಾರ ರೇಷ್ಮೆಗೂಡಿಗೆ ಮಾರ್ಕೆಟ್ಟಿನಲ್ಲಿ ಒಳ್ಳೇ ಬೆಲೆ ಬಂತು, ಯಾರ ಮನೆಯ ಅಣ್ಣತಮ್ಮಂದಿರು ಬದುವಿನ ವಿಷಯಕ್ಕೆ ಮಾತು ಬಿಟ್ಟರು. ಎರಡನೆಯ ಸುದ್ದಿಗೆ ಮದನಪಲ್ಲಿ ಕಿವಿ ಹಿಂದಕ್ಕೆ ಹಾಕುತ್ತಾಳೆ, ಮೂರನೆಯದಕ್ಕೆ ಹಾಲು ಇಳಿಯುತ್ತದೆ. "ಹಾಲು ಬೆರಳಲ್ಲಿ ಬರಲ್ಲ, ಕಿವೀಲಿ ಬರುತ್ತೆ" ಎನ್ನುತ್ತಾರೆ ಮಾವ. ಈ ಶ್ರಮವಿಭಜನೆ ನಲವತ್ತು ವರ್ಷದಿಂದ ನಡೆದುಬಂದಿದೆ. ಇಬ್ಬರಲ್ಲಿ ಹೆಚ್ಚು ದಣಿಯುವವರು ತಾವೇ ಎಂಬುದರಲ್ಲಿ ಮಾವನಿಗೆ ಸಂದೇಹವಿಲ್ಲ.

ಒಮ್ಮೆ ಪಶುವೈದ್ಯರು ಹಾಲು ಹಿಂಡುವ ಮಿಶಿನ್ನು ಹಾಕಿಸಿಕೊಳ್ಳಿ ಎಂದರು. ಅಕ್ಕಪಕ್ಕದ ಮನೆಗಳಲ್ಲಿ ಆಗಲೇ ಬಂದಿತ್ತು. ಮಾವ ಒಂದು ಮನೆಗೆ ಹೋಗಿ ಅದರ ಮುಂದೆ ಕಾಲು ಗಂಟೆ ನಿಂತು ಆಲಿಸಿ ಬಂದರು. "ಏನು ಮಾತಾಡುತ್ತೆ ಅದು? ಗುರ್ ಅಂತ ಒಂದೇ ಮಾತು. ಹಸುಗೆ ಬೇಜಾರಾಗಲ್ವಾ?" ಎಂದರು. ಮಿಶಿನ್ನಿನ ಅರ್ಜಿ ಅಲ್ಲಿಗೆ ವಜಾ ಆಯಿತು.

ಇಂಥ ಮಾವನಿಗೆ ಹೋದ ವರ್ಷ ಕಾರ್ತಿಕ ಮಾಸದಲ್ಲಿ ದನಿ ಒಡೆಯಿತು. ಶೀತ ಎಂದು ಮೆಣಸಿನ ಕಷಾಯ ಕುಡಿದರು. ಇಬ್ಬನಿ ಎಂದು ಮಫ್ಲರು ಸುತ್ತಿಕೊಂಡರು. ಮಾತಿನ ಮಟ್ಟ ಮಾತ್ರ ಒಂದು ಗೆರೆಯೂ ಇಳಿಯಲಿಲ್ಲ. ಕೊನೆಗೆ ಅತ್ತೆ ಅವರನ್ನು ಚಿಕ್ಕಬಳ್ಳಾಪುರಕ್ಕೆ ಕರೆತಂದರು. ನನ್ನ ಮನೆ ಅಲ್ಲೇ ಇರುವುದರಿಂದ ಗಂಟಲಿನ ಡಾಕ್ಟರ ಬಳಿಗೆ ನಾನೂ ಹೋದೆ.

ಡಾಕ್ಟರು ಕೊಳವೆ ಇಳಿಸಿ ನೋಡಿ, "ದಿನಕ್ಕೆ ಎಷ್ಟು ಹೊತ್ತು ಮಾತಾಡ್ತೀರಿ?" ಎಂದರು.

"ಬೇಕಾದಷ್ಟೇ" ಎಂದರು ಮಾವ, ಒಡಕು ದನಿಯಲ್ಲಿ.

"ನಿದ್ದೆ ಮಾಡೋ ಹೊತ್ತು ಕಳೀರಿ ಡಾಕ್ಟ್ರೇ, ಮಿಕ್ಕಿದ್ದೆಲ್ಲ ಮಾತೇ" ಎಂದರು ಅತ್ತೆ. "ನಿದ್ದೇಲೂ ಪೂರ್ತಿ ಕಳೀಬೇಡಿ."

ಸ್ವರತಂತುವಿನ ಮೇಲೆ ಸಣ್ಣ ಗಂಟು. ತೆಗೆದರು. ಕೆಟ್ಟ ಜಾತಿಯದಲ್ಲ ಎಂದು ವರದಿಯೂ ಬಂತು. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಡಾಕ್ಟರು ತೀರ್ಪು ಕೊಟ್ಟರು. "ಬೇರೆಯವರಿಗೆ ಹದಿನೈದು ದಿನ ಮಾತು ಬೇಡ ಅಂತೀನಿ. ನಿಮ್ಮನ್ನ ನೋಡಿದ್ರೆ ಒಂದು ತಿಂಗಳು ಅನ್ನಬೇಕು. ಪಿಸುಮಾತೂ ಕೂಡದು, ಅದು ಇನ್ನೂ ಕೆಟ್ಟದ್ದು."

"ಆಮೇಲೆ ಇವರ ದನಿ ಮೊದಲಿನ ಹಾಗೇ ಬರುತ್ತಾ?" ಎಂದು ಅತ್ತೆ ಕೇಳಿದರು.

"ಬರಬಹುದು. ಬೇರೆ ಥರಾನೂ ಬರಬಹುದು. ಈಗ ಸುಮ್ಮನಿದ್ದಷ್ಟೂ ಒಳ್ಳೇದು."

ಮಾವ ಏನೋ ಹೇಳಲು ಬಾಯಿ ತೆರೆದರು. ಅತ್ತೆ ಅಂಗೈಯಿಂದ ಮುಚ್ಚಿದರು. ನಲವತ್ತು ವರ್ಷದ ಸಂಸಾರದಲ್ಲಿ ಹೀಗೆ ಬಾಯಿ ಮುಚ್ಚಿಸಲು ವೈದ್ಯಕೀಯ ಪರವಾನಗಿ ಸಿಕ್ಕಿದ್ದು ಅದೇ ಮೊದಲು.

ಮಾವ ಮುಂದಾಲೋಚನೆಯಿಲ್ಲದವರಲ್ಲ. ಆಪರೇಷನ್ನಿಗೆ ಮೊದಲೇ ಕೊಟ್ಟಿಗೆಯಲ್ಲಿ ಅರ್ಧ ಗಂಟೆ ಮಾತಾಡಿ ಮೊಬೈಲಿನಲ್ಲಿ ತುಂಬಿಸಿಟ್ಟಿದ್ದರು. ಧನುರ್ಮಾಸ ಹುಟ್ಟಿದ ಮೊದಲ ಬೆಳಿಗ್ಗೆ ಫೋನನ್ನು ಕಂಬಕ್ಕೆ ಕಟ್ಟಿ ಹಚ್ಚಿದರು. ಪೆರೇಸಂದ್ರ, ಚಿಂತಾಮಣಿ ಹೇಗೋ ಹೊಂದಿಕೊಂಡವು. ಮದನಪಲ್ಲಿ ಆ ಒಡಕು ದನಿಯನ್ನು ಎರಡು ನಿಮಿಷ ಕೇಳಿ, ಬೆನ್ನು ತಿರುಗಿಸಿ, ಸೆಗಣಿ ಹಾಕಿ ತನ್ನ ಅಭಿಪ್ರಾಯ ತಿಳಿಸಿದಳು. ಹಾಲು ಅರ್ಧಕ್ಕೆ ಇಳಿಯಿತು. ಇಳಿದದ್ದು ಇರಲಿ, ಒಳಗೇ ಉಳಿದರೆ ಕೆಚ್ಚಲು ಬಾವು ಬರುತ್ತದೆ. ನೀವೇ ನಾಲ್ಕು ಮಾತಾಡಬಾರದೇ ಎಂದು ನಾನು ಫೋನಿನಲ್ಲಿ ಅತ್ತೆಯನ್ನು ಕೇಳಿದೆ.

"ನಲವತ್ತು ವರ್ಷ ಆ ಮಾತೆಲ್ಲ ಕೇಳಿದ್ದು ಸಾಲದೂಂತ ಈಗ ಅದನ್ನೇ ನಾನು ಹಸುಗೆ ಬೇರೆ ಹೇಳ್ಲಾ? ನನ್ನ ಕೈಲಾಗಲ್ಲಪ್ಪ. ನೀನು ರಿಟೈರಾಗಿ ಮನೇಲಿ ಸುಮ್ನೆ ತಾನೇ ಕೂತಿದ್ದೀಯ? ಬಂದು ಇಲ್ಲಿ ಮಾತಾಡ್ತಾ ಕೂತ್ಕೋ."

ನನ್ನ ಹೆಂಡತಿ ಚೀಲ ತುಂಬಿಕೊಟ್ಟಳು. "ಹೋಗ್ಬನ್ನಿ. ನಿಮ್ಮ ಮಾತು ಕೇಳೋರು ಅಂತ ಒಬ್ರಾದ್ರೂ ಸಿಕ್ಕಿದ್ರಲ್ಲ" ಎಂದಳು.

ಹೀಗೆ ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಮೇಲಿನವರ ಮುಂದೆ ಬಾಯಿ ಬಿಡದೆ ದುಡಿದ ನಾನು, ಒಂದು ಹಸುವಿನ ಮುಂದೆ ವಾಗ್ಮಿಯಾಗುವ ಹುದ್ದೆಗೆ ನೇಮಕಗೊಂಡೆ.

ಡಿಸೆಂಬರಿನ ಆ ಕಡೆಯ ಚಳಿಯ ಬಗ್ಗೆ ಒಂದು ಮಾತು. ಬೆಳಿಗ್ಗೆ ಐದೂವರೆಗೆ ಮಂಜು ಎಷ್ಟು ದಟ್ಟವೆಂದರೆ ಕೊಟ್ಟಿಗೆಯನ್ನು ವಾಸನೆಯಿಂದ ಹುಡುಕಬೇಕು. ಪಕ್ಕದ ಮನೆಯ ರೇಷ್ಮೆಹುಳುಗಳಿಗೆ ಕೋಣೆಯಲ್ಲಿ ಹೀಟರು ಇಟ್ಟಿರುತ್ತಾರೆ. ನಮ್ಮ ಹಸುಗಳಿಗೆ ಬೂಸಾ ಚೀಲ ಬಿಚ್ಚಿ ಹೊಲಿದ ಕೋಟು. ನನಗೆ ಮಾವನ ಹಳೇ ಶಾಲು, ಅದರಲ್ಲಿ ಎರಡು ತೂತು. ಆ ಕೊಟ್ಟಿಗೆಯಲ್ಲಿ ಯಾರ ಸ್ಥಾನ ಎಲ್ಲಿ ಎಂಬುದು ಮೊದಲ ದಿನವೇ ತಿಳಿದುಹೋಯಿತು.

ಮಾವ ಮಕ್ಕಳ ಸ್ಲೇಟು, ಬಳಪ ಹಿಡಿದು ನಿಂತಿದ್ದರು. ಅವರು ತೆಲುಗನ್ನು ಕನ್ನಡ ಅಕ್ಷರದಲ್ಲಿ ಬರೆದು ಹಿಡಿಯುವುದು, ನಾನು ಟಾರ್ಚು ಬಿಟ್ಟು ಓದುವುದು, ಅತ್ತೆ ಹಿಂಡುವುದು. ಅವರು ಬರೆದಿದ್ದನ್ನು ನಾನು ಗಟ್ಟಿಯಾಗಿ ಓದಿದೆ: "ವೀಡು ಮಾ ಅಕ್ಕ ಕೊಡುಕು. ಮಂಚಿವಾಡು. ತೆಲಿವಿ ಕೊಂಚೆಂ ತಕ್ಕುವ. ತನ್ನೊದ್ದು." ಓದಿ ಮುಗಿಸಿದ ಮೇಲೆ ಅರ್ಥವಾಯಿತು. ಇವನು ನಮ್ಮಕ್ಕನ ಮಗ, ಒಳ್ಳೆಯವನು, ಬುದ್ಧಿ ಕೊಂಚ ಕಮ್ಮಿ, ಒದೆಯಬೇಡ. ಅತ್ತೆ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಅಲುಗುತ್ತಿದ್ದರು. ಮದನಪಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೇಳಿದ್ದೆಲ್ಲ ಸರಿಯಾಗಿದೆ ಎಂಬಂತೆ ಮೇವಿಗೆ ಬಾಯಿ ಹಾಕಿದಳು.

ಸರ್ಕಾರಿ ಅಭ್ಯಾಸ ಬಿಡುವುದಿಲ್ಲ. ಬರೆದು ಕೊಟ್ಟದ್ದನ್ನು ಒಂದಕ್ಷರ ಬಿಡದೆ ಓದುವವನು ನಾನು. ಎರಡನೆಯ ದಿನ ಸುದ್ದಿಯ ನಡುವೆ ಮಾವ "ಇಲ್ಲಿ ಕೆಮ್ಮು" ಎಂದು ಬರೆದಿದ್ದರು. ತಾವಾಗಿದ್ದರೆ ಆ ಜಾಗದಲ್ಲಿ ಒಮ್ಮೆ ಕೆಮ್ಮುತ್ತಿದ್ದರಂತೆ. ನಾನು ಅದನ್ನೂ ತೆಲುಗು ಮಾಡಿ, ಗಂಭೀರವಾಗಿ ಹಸುವಿಗೆ ಓದಿ ಹೇಳಿದೆ. ಮಾವ ನಗಲೂ ಆಗದೆ ಬೈಯಲೂ ಆಗದೆ ಸ್ಲೇಟಿನಿಂದ ತಮ್ಮ ಹಣೆಗೇ ಹೊಡೆದುಕೊಂಡರು.

ಬೆಳಿಗ್ಗೆ ಆರಕ್ಕೆ ಹಾಲನ್ನು ಊರಿನ ಡೈರಿಗೆ ಒಯ್ಯಬೇಕು. ಅಲ್ಲಿ ಸಾಲು ನಿಲ್ಲುತ್ತದೆ. ಮಾವನ ಬಾಯಿ ಕಟ್ಟಿದೆ ಎಂಬ ಸುದ್ದಿಗೆ ಮೊದಲ ದಿನ ಸಾಲಿನಲ್ಲಿ ಹಬ್ಬದ ವಾತಾವರಣವಿತ್ತು.

"ಏನ್ ಯಜಮಾನ್ರೇ, ಬಾಯಿಗೆ ಬೀಗ ಹಾಕ್ಕಂಡಿದ್ದೀರಂತೆ? ಬೀಗದ ಕೈ ಯಾರ್ ಹತ್ರ ಐತೆ?" ಎಂದ ಒಬ್ಬ.

"ಅಮ್ಮಾವ್ರ ಹತ್ರ ಇರ್ತದೆ ಬಿಡು. ಇನ್ನ ಸಿಗಾಕಿಲ್ಲ" ಎಂದ ಇನ್ನೊಬ್ಬ.

ಅಲ್ಲೊಬ್ಬರು ನಿವೃತ್ತ ಮೇಷ್ಟ್ರು ಇದ್ದರು. ಹತ್ತು ವರ್ಷದಿಂದ ದಿನಕ್ಕೊಂದರಂತೆ ಮಾವನ ಜೊತೆ ವಾದ ಹೂಡಿ ದಿನಕ್ಕೊಂದರಂತೆ ಸೋತವರು. ಈ ಸುವರ್ಣಾವಕಾಶವನ್ನು ಅವರು ಬಿಡಲಿಲ್ಲ. ನಾಟಿ ಹಸುವೋ ಸೀಮೆ ಹಸುವೋ, ಜೋಳದ ಕಡ್ಡಿಯೋ ರಾಗಿ ಹುಲ್ಲೋ, ಹಳೆಯ ಕೇಸುಗಳನ್ನೆಲ್ಲ ಮತ್ತೆ ತೆರೆದು ಒಂದೊಂದಾಗಿ ಗೆದ್ದರು. ಮಾವ ಕ್ಯಾನು ಹಿಡಿದು ಕೇಳುತ್ತ ನಿಂತಿರುತ್ತಿದ್ದರು. ಒಂದು ವಾರ ಗೆದ್ದ ಮೇಲೆ ಮೇಷ್ಟ್ರ ಮುಖ ಬಾಡಿತು. ನನ್ನನ್ನು ಪಕ್ಕಕ್ಕೆ ಕರೆದು, "ಏನಪ್ಪಾ, ನಾನು ಹೇಳಿದ್ದೆಲ್ಲ ಸರೀನಾ? ಒಂದಕ್ಕಾದ್ರೂ ಅವರು ಏನಂತಿದ್ರು ಅಂತ ಬರೆಸಿಕೊಂಡು ಬಾ. ನಂಗೆ ಧೈರ್ಯವೇ ಬರ್ತಾ ಇಲ್ಲ" ಎಂದರು. ಮಾವ ಸ್ಲೇಟಿನಲ್ಲಿ "ಎಲ್ಲಾ ತಪ್ಪು" ಎಂದು ಬರೆದುಕೊಟ್ಟರು. ಅದನ್ನು ಓದಿದ ಮೇಷ್ಟ್ರು ಎಷ್ಟೋ ದಿನದ ಮೇಲೆ ನೆಮ್ಮದಿಯಿಂದ ಮನೆಗೆ ಹೋದರು.

ಪಕ್ಕದ ಮನೆಗೂ ನಮಗೂ ಹಳೆಯದೊಂದು ಕೊಡುಕೊಳ್ಳುವಿಕೆ ಇದೆ. ರೇಷ್ಮೆಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ನಮ್ಮ ಹಸುಗಳಿಗೆ; ನಮ್ಮ ಗೊಬ್ಬರ ಅವರ ತೋಟಕ್ಕೆ. ಎಷ್ಟು ಹೊರೆಗೆ ಎಷ್ಟು ಗಾಡಿ ಎಂಬುದು ಯಾವತ್ತೂ ತೀರ್ಮಾನವಾಗಿಲ್ಲ, ತೀರ್ಮಾನವಾಗದ ಹಾಗೆ ಮಾವ ಮಾತಾಡುತ್ತಿದ್ದರು. ಈಗ ಆ ಮನೆಯ ಹೆಂಗಸು ಬೇಲಿಯ ಹತ್ತಿರ ನಿಂತು, "ಯಾಕಣ್ಣಾ, ಈ ಸಲ ನನ್ನ ಕಡ್ಡೀಲಿ ತಪ್ಪು ಹುಡುಕೋರೇ ಇಲ್ವಲ್ಲ. ನಂಗೇ ನಾಚಿಕೆ ಆಗಿ ಎರಡು ಹೊರೆ ಜಾಸ್ತಿ ಹಾಕ್ದೆ" ಎಂದಳು. ಮೌನದಿಂದ ಇಷ್ಟು ಲಾಭವಿದೆ ಎಂದು ಮೊದಲೇ ಗೊತ್ತಿದ್ದರೆ ಮಾವ ಮೌನಿಯಾಗುತ್ತಿದ್ದರೇ? ಖಂಡಿತ ಇಲ್ಲ. ಆ ಲಾಭವನ್ನು ಊರಿಗೆಲ್ಲ ಹೇಳಬೇಕಲ್ಲ.

ಹತ್ತನೆಯ ದಿನದ ಹೊತ್ತಿಗೆ ಸ್ಲೇಟಿನ ಸುದ್ದಿ ಬತ್ತಿತು. ಮಾತಾಡದವನಿಗೆ ಊರಿನಲ್ಲಿ ಯಾರೂ ಸುದ್ದಿ ಕೊಡುವುದಿಲ್ಲ. ಸುದ್ದಿ ಬೇಕಾದರೆ ಸುದ್ದಿ ಕೊಡಬೇಕು. ಮದನಪಲ್ಲಿ ಹಾಲು ಮತ್ತೆ ಬಿಗಿಹಿಡಿದಳು. ಪತ್ರಿಕೆ ಓದಿದೆ. ಸಂಪಾದಕೀಯಕ್ಕೆ ಅವಳು ಕಣ್ಣು ಮುಚ್ಚಿದಳು, ಅದರಲ್ಲಿ ಅವಳ ತಪ್ಪಿಲ್ಲ. ಬೇರೆ ದಾರಿ ಕಾಣದೆ ನನ್ನ ಹರಕು ತೆಲುಗಿನಲ್ಲಿ ನನ್ನದೇ ಸಮಾಚಾರ ಹೇಳತೊಡಗಿದೆ. ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ಅಧಿಕಾರಿಗಳು ಹಾರ ಹಾಕಿ, ನನ್ನ ಗುಣಗಳನ್ನೆಲ್ಲ ಹೊಗಳಿ, ಕೊನೆಗೆ ಪಕ್ಕದ ಟೇಬಲ್ಲಿನವನ ಹೆಸರು ಹೇಳಿದ್ದು. ನಾನು ತಿದ್ದದೆ ಕೈಮುಗಿದು, ಅವನ ಹೆಸರಿಗೆ ಬಂದ ಚಪ್ಪಾಳೆಯನ್ನು ನಾನೇ ಸ್ವೀಕರಿಸಿದ್ದು. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಮದನಪಲ್ಲಿ ಕಿವಿ ಹಿಂದಕ್ಕೆ ಹಾಕಿದಳು. ಬಕೆಟ್ಟಿನಲ್ಲಿ ನೊರೆ ಏರಿತು.

ತಿರುಗಿ ನೋಡಿದರೆ ಮಾವ ಸ್ಲೇಟು ಹಿಡಿದಿದ್ದರು: "ನನಗೆ ಯಾಕೆ ಹೇಳಲಿಲ್ಲ?"

"ಸಂದು ಸಿಗ್ಲಿಲ್ಲ ಮಾವ" ಎಂದೆ.

ಅವರು ಸ್ಲೇಟನ್ನು ತಮ್ಮ ಕಡೆ ತಿರುಗಿಸಿಕೊಂಡರು. ಅಳಿಸಿ ಮತ್ತೆ ಬರೆದರು: "ಆ ಅಧಿಕಾರಿ ಹೆಸರೇನು? ಮನೆ ಎಲ್ಲಿ?" ಬಾಯಿ ಬಂದ ಕೂಡಲೇ ಹೋಗುವುದಕ್ಕಂತೆ.

ಅಂದಿನಿಂದ ಹಾಲು ಏರತೊಡಗಿತು. ಮೊದಲಿನ ಮಟ್ಟ ಮುಟ್ಟಿತು, ಆಮೇಲೆ ಅದನ್ನೂ ದಾಟಿತು. ನಾನು ಸಹಜವಾಗಿ ಬೀಗಿದೆ. ಮಾವ "ಚಳಿಗೆ ಹಾಲು ಹೆಚ್ಚುತ್ತೆ. ನಿನ್ನ ಮಾತಿಗಲ್ಲ" ಎಂದು ಬರೆದರು. ಎರಡು ಗೆರೆ ಎಳೆದು ಒತ್ತಿಯೂ ಬರೆದರು. ಆದರೆ ಮಾರನೆಯ ದಿನ ನನ್ನ ಮಾತಿನ ಹೊತ್ತಿಗೆ ಅವರು ಸ್ಲೇಟು ತರಲಿಲ್ಲ. ಸ್ವಲ್ಪ ದೂರದಲ್ಲಿ ಮೇವಿನ ರಾಶಿಗೆ ಒರಗಿ, ಶಾಲೆಯಲ್ಲಿ ಹಿಂದಿನ ಬೆಂಚಿನವರು ಕೂರುವ ಹಾಗೆ ಕೂತು ಕೇಳುತ್ತಿದ್ದರು.

ಸಂಕ್ರಾಂತಿಗೆ ನಾಲ್ಕು ದಿನವಿತ್ತು. ಸಾಯಂಕಾಲ ಜಗಲಿಯ ಮೇಲೆ ಅತ್ತೆ, ನಾನು ಅವರೆಕಾಳು ಹಿಸುಕುತ್ತಿದ್ದೆವು. ಮಾವ ಪಕ್ಕದಲ್ಲಿ ಕೂತು ಸ್ಲೇಟಿನ ಮೇಲೆ ಏನೋ ಬರೆದರು. ನನಗೆ ತೋರಿಸಲು ಎತ್ತಿದರು, ಆಮೇಲೆ ಬೇಡವೆನಿಸಿ ಅಂಗೈಯಿಂದ ಒರೆಸಿಬಿಟ್ಟರು. ಅಷ್ಟರಲ್ಲಿ ನಾವಿಬ್ಬರೂ ಓದಿದ್ದೆವು. "ದನಿ ಬೇರೆ ಬಂದರೆ ಅವಳಿಗೆ ಗುರುತು ಸಿಗುತ್ತಾ?" ಎಂದಿತ್ತು. ತಮ್ಮ ವಿಷಯದಲ್ಲಿ ಯಾವತ್ತೂ ಪ್ರಶ್ನಾರ್ಥಕ ಹಾಕಿದ ಮನುಷ್ಯರಲ್ಲ ಅವರು. ನಾನು ಹಿಸುಕಿದ ಕಾಳೊಂದು ಅಂಗಳಕ್ಕೆ ಹಾರಿತು. ಅತ್ತೆ, "ಕಾಳು ಹಾರ್ತಾ ಇದೆ, ನೋಡ್ಕೊಂಡು ಹಿಸುಕಪ್ಪ" ಎಂದರು.

ಹಬ್ಬ ಮುಗಿದ ಮಾರನೆಯ ದಿನ ಚಿಕ್ಕಬಳ್ಳಾಪುರಕ್ಕೆ ಹೋದೆವು. ಡಾಕ್ಟರು ಮತ್ತೆ ಕೊಳವೆ ಇಳಿಸಿ, "ಚೆನ್ನಾಗಿ ಮಾಗಿದೆ. ಎಲ್ಲಿ, ಏನಾದ್ರೂ ಮಾತಾಡಿ" ಎಂದರು.

ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ. ಒಂದು ತಿಂಗಳು ಕಟ್ಟೆಯ ಹಿಂದೆ ನಿಂತ ನೀರಲ್ಲವೇ? ಮಾವ ಸ್ಲೇಟು ತೆಗೆದು "ಊರಿಗೆ ಹೋದ ಮೇಲೆ" ಎಂದು ಬರೆದರು. ಡಾಕ್ಟರಿಗೆ ಆಶ್ಚರ್ಯವಾಯಿತು. ಮಾತಾಡಬೇಡಿ ಎಂದರೆ ಮಾತಾಡುವ ರೋಗಿಗಳನ್ನು ಅವರು ಬೇಕಾದಷ್ಟು ನೋಡಿದ್ದರು; ಮಾತಾಡಿ ಎಂದರೂ ಮಾತಾಡದವರು ಇವರೇ ಮೊದಲಂತೆ.

ಶಿಡ್ಲಘಟ್ಟದವರೆಗೂ, ಅಲ್ಲಿಂದ ಮುಂದಿನ ಬಸ್ಸಿನಲ್ಲೂ ಮಾವ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಮನೆ ಸೇರಿದಾಗ ಸಾಯಂಕಾಲದ ಹಾಲಿನ ಹೊತ್ತು. ಅತ್ತೆ ಸೀರೆ ಕೂಡ ಬದಲಿಸದೆ ಬಕೆಟ್ಟು ಹಿಡಿದು ಬಂದರು. ನಾನು ದೂರ ಸರಿದು ಕಂಬದ ಬಳಿ ನಿಂತೆ. ಮಾವ ಮದನಪಲ್ಲಿಯ ಕುತ್ತಿಗೆಯ ಪಕ್ಕ ಹೋಗಿ ನಿಂತು, ಮಫ್ಲರು ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

"ಏಮಮ್ಮಾ" ಎಂದರು.

ಅದು ನಮ್ಮ ಮಾವನ ದನಿಯಾಗಿರಲಿಲ್ಲ. ತೆಳ್ಳಗಿತ್ತು, ತುದಿಯಲ್ಲಿ ಗಾಳಿ ಸೇರಿಕೊಂಡಿತ್ತು. ಗೋಡೆಯ ಆಚೆಯಿಂದ ಯಾರೋ ವಯಸ್ಸಾದವರು ವಿಳಾಸ ಕೇಳಿದ ಹಾಗಿತ್ತು. ಮದನಪಲ್ಲಿಯ ಕಿವಿ ಅಲುಗಲಿಲ್ಲ. ಮಾವ ಇನ್ನೊಮ್ಮೆ, ಸ್ವಲ್ಪ ಜೋರಾಗಿ, "ಏಮಮ್ಮಾ, ಬಾಗುನ್ನಾವಾ?" ಎಂದು ಕ್ಷೇಮ ಕೇಳಿದರು. ಅವಳು ಕಡ್ಡಿ ಅಗಿಯುತ್ತ ತಲೆ ತಿರುಗಿಸಿ ಕಂಬದ ಕಡೆ, ನನ್ನ ಕಡೆ ನೋಡಿದಳು. ಇನ್ನೂ ಯಾಕೆ ಶುರುಮಾಡಿಲ್ಲ ಎಂಬ ನೋಟ. ನನಗೆ ಆ ಕಂಬದೊಳಗೆ ಹೊಕ್ಕುಬಿಡುವಂತಾಯಿತು.

ಮಾವ ನಿಂತೇ ಇದ್ದರು. ಮುಂದಿನ ಮಾತು ಯಾವುದೆಂದು ತಿಳಿಯದೆ ಅವರು ನಿಂತದ್ದನ್ನು ನಾನು ಅವತ್ತೇ ನೋಡಿದ್ದು.

ಅತ್ತೆ ಬಕೆಟ್ಟು ಹಿಡಿದು ಒಂದು ಹೆಜ್ಜೆಯಷ್ಟು ದೂರದಲ್ಲಿದ್ದರು. "ಅದಕ್ಕೇನು ಗೊತ್ತು, ಮೊನ್ನೆ ಮೊನ್ನೆ ಬಂದೋಳು" ಎಂದರು. "ನನ್ನ ಕರೀರಿ."

ಮಾವ, ಅಭ್ಯಾಸಬಲದಿಂದ, ಕೈಯಲ್ಲೇ ಕೇಳಿದರು: ಇಲ್ಲೇ ಇದ್ದೀಯಲ್ಲ?

"ಇದ್ರೇನು. ಕರೀರಿ."

ಮಾವ ಹಸುವನ್ನು ಬಿಟ್ಟು ಅವರ ಕಡೆ ತಿರುಗಿದರು. ಆ ತೆಳ್ಳನೆಯ, ಯಾರದೋ ದನಿಯಲ್ಲಿ, "ಏನೇ" ಎಂದರು.

"ಆಂ, ಬಂದೆ ಇರಿ" ಎಂದರು ಅತ್ತೆ, ಒಳಮನೆಯಿಂದ ಓಗೊಡುವವರ ಹಾಗೆ. ಬಕೆಟ್ಟನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಆ ಒಂದು ಹೆಜ್ಜೆಯನ್ನು ನಡೆದು ಬಂದರು.